ಹೂಮಳೆಯ ದಿನ ನಾನು ಹೆಣವಾಗಿದ್ದೆ

ಹೆಣವಾಗಿ ಮಲಗುವುದು ಸುಲಭ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹಾಗೆ ಹೇಳುವವರು ಹೆಣವಾಗಿ ಮಲಗಿದವರಲ್ಲ. ನಿಜವಾದ ಹೆಣಕ್ಕೆ ಒಂದು ಅನುಕೂಲವಿದೆ, ಅದಕ್ಕೆ ಮೈ ತುರಿಸುವುದಿಲ್ಲ. ನಾಟಕದ ಹೆಣದ ಪಾಡು ಹಾಗಲ್ಲ. ಕಣ್ಣು ಮುಚ್ಚಿದ ಕೂಡಲೇ ಅಷ್ಟು ಹೊತ್ತು ತೆಪ್ಪಗಿದ್ದ ಬೆನ್ನು ತುರಿಸಲು ಶುರುವಾಗುತ್ತದೆ. ಎಲ್ಲಿಂದಲೋ ಒಂದು ನೊಣ ಬರುತ್ತದೆ. ಬಂದದ್ದು ಮಂತ್ರಿಯ ಮೂಗಿನ ಮೇಲೆ ಕೂರುವುದಿಲ್ಲ, ಸೇನಾಪತಿಯ ಮೂಗಿನ ಮೇಲೂ ಕೂರುವುದಿಲ್ಲ, ನೆಟ್ಟಗೆ ಹೆಣದ ಮೂಗನ್ನೇ ಹುಡುಕಿಕೊಂಡು ಬರುತ್ತದೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹೋದ ಬೇಸಿಗೆಯಲ್ಲಿ, ಕಳಸದ ಹತ್ತಿರದ ಸಂಸೆಯ ಮೇಲಿನ ಒಂದು ತೋಟದ ಶೆಡ್ಡಿನಲ್ಲಿ, ಸುತ್ತಮುತ್ತಲಿನ ಜನರೆಲ್ಲ ನೋಡುತ್ತಿರುವಾಗ, ನಾನು ಮೂರನೆಯ ಅಂಕವಿಡೀ ಸತ್ತಿದ್ದೆ. ಬಹುಪಾಲು ಸತ್ತಿದ್ದೆ ಎಂದರೆ ಹೆಚ್ಚು ಸರಿ.

ಇದಕ್ಕೆಲ್ಲ ಕಾರಣ ಬೇಸಿಗೆ ರಜೆ. ಲೋಕದ ಜನರೆಲ್ಲ ಬೇಸಿಗೆಯಲ್ಲಿ ರಜೆ ಹಾಕಿ ನಮ್ಮ ಮೂಡಿಗೆರೆಯ ಗುಡ್ಡಗಳಿಗೆ ಬರುತ್ತಾರೆ. ಇಲ್ಲೇ ಇರುವ ನಾವು ಎಲ್ಲಿಗೂ ಹೋಗುವುದಿಲ್ಲ. ಯಾಕೆಂದರೆ ಬೇಸಿಗೆಯಲ್ಲಿ ಕಾಫಿ ಬೆಳೆಗಾರನಿಗೆ ಒಂದೇ ಕೆಲಸ, ಆಕಾಶ ನೋಡುವುದು. ಗಿಡದಲ್ಲಿ ಮೊಗ್ಗು ಕೂತಿರುತ್ತದೆ, ಅದು ಅರಳಲು ಒಂದು ಒಳ್ಳೆಯ ಮಳೆ ಬೇಕು. ಅದನ್ನೇ ನಾವು ಹೂಮಳೆ ಎನ್ನುವುದು. ಚೆನ್ನಾಗಿ ಹೊಯ್ದರೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಸುಮ್ಮನೆ ಚಿಮುಕಿಸಿ ಹೋದರೆ ಮೊಗ್ಗು ಅತ್ತ ಅರಳದೆ ಇತ್ತ ಉಳಿಯದೆ ಕಮರುತ್ತದೆ. ವರ್ಷದ ಅನ್ನ ಒಂದು ಸಂಜೆಯ ಮೋಡದ ಕೈಯಲ್ಲಿರುವಾಗ ಸೂಟ್‌ಕೇಸ್ ಹಿಡಿದು ಹೊರಡುವ ಧೈರ್ಯ ಯಾವ ಗಂಡಸಿಗಿದೆ ಹೇಳಿ. ನನಗಂತೂ ಇರಲಿಲ್ಲ.

ಆ ಮಳೆಯನ್ನು ನಾವು ಸುಮ್ಮನೆ ನೋಡುವುದೂ ಇಲ್ಲ, ಅಳೆಯುತ್ತೇವೆ. ಇಂಚು, ಸೆಂಟುಗಳ ಲೆಕ್ಕ ನಮ್ಮದು. ನೂರು ಸೆಂಟಿಗೆ ಒಂದು ಇಂಚು. ಪ್ರತಿ ತೋಟದ ಅಂಗಳದಲ್ಲಿಯೂ ಒಂದು ಗೇಜು ಇರುತ್ತದೆ. ಕೆಳಗೊಂದು ಡಬ್ಬಿ, ಅದರೊಳಗೊಂದು ಬಾಟ್ಲಿ, ಮೇಲೆ ತಾಮ್ರದ ಲಾಳಿಕೆ, ಇಷ್ಟೇ ಅದರ ವೈಭವ. ಮಳೆ ನಿಂತ ಮರುಗಳಿಗೆಯಲ್ಲಿ ಮೂಡಿಗೆರೆಯಿಂದ ಕಳಸದವರೆಗೆ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ. "ನಿಮ್ಮಲ್ಲಿ ಎಷ್ಟು?" ಎಂಬುದೊಂದೇ ಪ್ರಶ್ನೆ. ಹಲೋ ಇಲ್ಲ, ಕ್ಷೇಮಸಮಾಚಾರ ಇಲ್ಲ. ಸಾವಿನ ಮನೆಗೆ ಹೋದಾಗಲೂ ಒಂದು ನಿಮಿಷ ತಲೆ ತಗ್ಗಿಸಿ ನಿಂತು, ಆಮೇಲೆ ಮೆಲ್ಲಗೆ "ನಿನ್ನೆ ಇಲ್ಲಿ ಎಷ್ಟಾಯ್ತು?" ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಉತ್ತರ ಬಂದದ್ದನ್ನೂ ಕೇಳಿದ್ದೇನೆ. ನಮ್ಮ ಪಕ್ಕದ ತೋಟದ ಪುಟ್ಟೇಗೌಡರ ಗೇಜಿನಲ್ಲಿ ಮಾತ್ರ ಯಾವಾಗಲೂ ನಮಗಿಂತ ಹತ್ತು ಸೆಂಟು ಹೆಚ್ಚು ಬೀಳುತ್ತದೆ. ನಡುವೆ ಇರುವುದು ಒಂದು ಬೇಲಿ. ಮೋಡಕ್ಕೆ ಆ ಬೇಲಿ ಹೇಗೆ ಕಾಣುತ್ತದೋ ನಾನರಿಯೆ.

ನನ್ನಂಥ ಮನುಷ್ಯನನ್ನು ಕಟ್ಟಿಕೊಂಡವಳು ವನಜ. ಅವಳಿಗೆ ಎರಡು ಆಸೆಗಳಿದ್ದವು. ಒಂದು, ಬೇಸಿಗೆಯಲ್ಲಿ ಎಲ್ಲರ ಹಾಗೆ ಎಲ್ಲಿಗಾದರೂ ಹೋಗಬೇಕು. ಇನ್ನೊಂದು, ನಾಟಕದಲ್ಲಿ ರಾಣಿಯಾಗಬೇಕು. ಶಾಲೆಯಲ್ಲಿ ಓದುವಾಗ ಅವಳು ಎಲ್ಲರಿಗಿಂತ ಉದ್ದ ಇದ್ದಳಂತೆ. ಹಾಗಾಗಿ ವರ್ಷವೂ ಅವಳಿಗೆ ಭರ್ಜಿ ಹಿಡಿದು ನಿಲ್ಲುವ ಸೈನಿಕನ ಪಾತ್ರ. ಅವಳ ಭುಜಕ್ಕೂ ಬಾರದ ಹುಡುಗಿಯರೆಲ್ಲ ಸಿಂಹಾಸನದ ಮೇಲೆ ಕೂತು ಮೆರೆದರೆ, ಇವಳು ಪರದೆಯ ಪಕ್ಕ ಮೀಸೆ ಅಂಟಿಸಿಕೊಂಡು ನಿಂತಿರಬೇಕು. ಒಂದು ಮಾತೂ ಇಲ್ಲ. ಅವಳು ಈ ವಿಷಯ ಹೇಳುವಾಗಲೆಲ್ಲ ನಾನು "ಹೂಂ" ಎನ್ನುತ್ತಿದ್ದೆ. ಈ "ಹೂಂ" ಬಗ್ಗೆ ಒಂದು ಮಾತು ಹೇಳಬೇಕು. ಗಂಡನಾದವನು ಮದುವೆಯಾಗಿ ಕೆಲವು ವರ್ಷಗಳಲ್ಲಿ ಇದನ್ನು ಕಲಿಯುತ್ತಾನೆ. ಕಿವಿಗೂ ಬಾಯಿಗೂ ನಡುವೆ ಒಂದು ಒಳದಾರಿ ಇದೆ, ಹೆಂಡತಿಯ ಮಾತು ತಲೆಯನ್ನು ಮುಟ್ಟದೆ ಆ ದಾರಿಯಲ್ಲೇ ಬಂದು "ಹೂಂ" ಆಗಿ ಹೊರಗೆ ಬೀಳುತ್ತದೆ. ನಿದ್ದೆಯಲ್ಲಿಯೂ ಇದು ಕೆಲಸ ಮಾಡುತ್ತದೆ.

ಹೋದ ವರ್ಷ ವನಜಳ ತಮ್ಮ ಸುರೇಶ ಸಂಸೆಯಲ್ಲಿರುವ ತನ್ನ ಹೋಮ್‌ಸ್ಟೇಯಲ್ಲಿ ಒಂದು ವಾರದ ಶಿಬಿರ ಮಾಡಿದ. "ಬೆಳಿಗ್ಗೆ ಸಾಹಸ, ಸಂಜೆ ನಾಟಕ, ದೊಡ್ಡವರಿಗೆ ಮಾತ್ರ" ಎಂದು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದ. ಬೆಳಿಗ್ಗೆ ಗುಡ್ಡ ಹತ್ತುವುದು, ಹಗ್ಗದಲ್ಲಿ ಜಾರುವುದು. ಸಂಜೆ ನಾಟಕದ ಅಭ್ಯಾಸ. ಕೊನೆಯ ದಿನ ಊರವರ ಮುಂದೆ ಪ್ರದರ್ಶನ. ವನಜ ಓದಿ ಮುಗಿಸಿದಾಗ ನಾನು ಆಕಾಶ ನೋಡುತ್ತಿದ್ದೆ. ಅವಳು "ಹೋಗೋಣ ಅಲ್ವಾ?" ಎಂದಳು. ನಾನು "ಹೂಂ" ಎಂದೆ. ಮಾರನೆಯ ದಿನ ನೋಡಿದರೆ ಇಬ್ಬರ ಹೆಸರೂ ಕೊಟ್ಟಾಗಿತ್ತು.

ನಾನು ಒದ್ದಾಡಿದೆ. ಏಪ್ರಿಲ್ ಬಂದರೂ ಹೂಮಳೆ ಬಂದಿಲ್ಲ, ತೋಟ ಬಿಟ್ಟು ಹೇಗೆ ಹೋಗುವುದು ಎಂದೆ. "ನೀವು ಇಲ್ಲೇ ಕೂತು ನೋಡಿದ್ರೆ ಮೋಡ ನಾಚ್ಕೊಂಡು ಬರ್ತದಾ?" ಎಂದಳು. ಕೊನೆಗೆ ಒಂದು ರಾಜಿಯಾಯಿತು. ನಾನು ಬರುತ್ತೇನೆ, ಆದರೆ ಗೇಜೂ ಬರುತ್ತದೆ. ಗೇಜು ಇಟ್ಟಲ್ಲಿಯ ಮಳೆಯನ್ನಷ್ಟೇ ಅಳೆಯುತ್ತದೆ, ಸಂಸೆಯಲ್ಲಿ ಇಟ್ಟರೆ ಮೂಡಿಗೆರೆಯ ಮಳೆ ಅದಕ್ಕೆ ಹೇಗೆ ತಿಳಿಯಬೇಕು ಎಂದು ನೀವು ಕೇಳಬಹುದು. ವನಜಳೂ ಕೇಳಿದಳು. ನಿಜವಾದ ಭಕ್ತನಿಗೆ ಇಂಥ ಪ್ರಶ್ನೆ ಕೇಳಬಾರದು. ಅವಳು ರಾಣಿಯ ವೇಷಕ್ಕೆಂದು ಮದುವೆಯ ರೇಷ್ಮೆ ಸೀರೆಯನ್ನು ಮಡಿಸಿಟ್ಟುಕೊಂಡಳು. ನಾನು ಗೇಜನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕಳಸದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಅದು ಹೊರನಾಡಿಗೆ ಒಯ್ಯುವ ಹರಕೆಯ ಕೊಡ ಎಂದು ತಿಳಿದು ಕೈಮುಗಿದರು. ನಾನು ತಿದ್ದಲಿಲ್ಲ.

ಶಿಬಿರದ ಗುರುಗಳು ಗದಗದ ಕಡೆಯ ಒಬ್ಬ ನಾಟಕದ ಮೇಷ್ಟ್ರು. ಮೈ ಕಡ್ಡಿ, ದನಿ ಕಹಳೆ. ಅವರು ನಮ್ಮನ್ನೆಲ್ಲ ಬೆಳಿಗ್ಗೆ ಹುಲ್ಲುಗುಡ್ಡದ ನೆತ್ತಿಗೆ ಹತ್ತಿಸಿ, ಸಾಲಾಗಿ ನಿಲ್ಲಿಸಿ, "ಹೊಟ್ಟಿಯಿಂದ ಕೂಗ್ರಿ" ಎಂದರು. ದನಿ ಪಳಗಬೇಕಂತೆ. ನಾವು ಹೊಟ್ಟೆ ಹಿಡಿದುಕೊಂಡು "ಓ" ಎಂದು ಕಣಿವೆಗೆ ಕೂಗಿದೆವು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಒಬ್ಬ ಜೀಪಿನವನು ಹೆಗಲಿಗೆ ಹಗ್ಗ ಹಾಕಿಕೊಂಡು ಏದುಸಿರು ಬಿಡುತ್ತಾ ಓಡಿ ಬಂದ. "ಯಾರು ಬಿದ್ದಿದ್ದು? ಎಲ್ಲಿ ಬಿದ್ದಿದ್ದು?" ಎಂದು ಕೇಳಿದ. ಯಾರೂ ಬಿದ್ದಿಲ್ಲ, ನಾಟಕ ಕಲಿಯುತ್ತಿದ್ದೇವೆ ಎಂದಾಗ ಅವನ ಮುಖದಲ್ಲಿ ಕಂಡ ನಿರಾಸೆಯನ್ನು ಬಣ್ಣಿಸಲಾರೆ. "ಎಂತ ಮಾರಾಯ್ರೆ, ನಾನು ಹೊಸ ಹಗ್ಗ ತಂದಿದ್ದೆ" ಎಂದು ಗೊಣಗುತ್ತಾ ಇಳಿದು ಹೋದ.

ಆ ಗುಡ್ಡದ ಮೇಲೊಂದು ಕಲ್ಲಿದೆ. ಅದರ ಮೇಲೆ ಹತ್ತಿ ಮೇರ್ತಿ ಗುಡ್ಡದ ಕಡೆ ಮುಖ ಮಾಡಿ ನಿಂತರೆ ಮಾತ್ರ ಫೋನಿಗೆ ಜೀವ ಬರುತ್ತದೆ. ಎಲ್ಲರೂ ಸೂರ್ಯೋದಯದ ಚಿತ್ರ ತೆಗೆಯುವಾಗ ನಾನು ಆ ಕಲ್ಲಿನ ಮೇಲೆ ನಿಂತು ಪುಟ್ಟೇಗೌಡರಿಗೆ ಫೋನು ಮಾಡುತ್ತಿದ್ದೆ. "ಮೋಡ ಉಂಟಾ ಗೌಡ್ರೇ?" "ಉಂಟು, ನನ್ ತೋಟದ್ ಮೇಲೆ ಉಂಟು. ನಿಮ್ದರ ಮೇಲೆ ಕಾಣ್ಸೋದಿಲ್ಲ." ಪ್ರಕೃತಿ ಸೌಂದರ್ಯ ಸವಿಯುವುದಕ್ಕೆ ಇಷ್ಟು ಸಾಕಲ್ಲ.

ಇನ್ನು ಹಗ್ಗದ ಸಾಹಸ. ಎರಡು ಸಿಲ್ವರ್ ಓಕ್ ಮರಗಳ ನಡುವೆ, ಹಳ್ಳದ ಮೇಲೆ, ಸುರೇಶ ಒಂದು ತಂತಿ ಹಗ್ಗ ಬಿಗಿದಿದ್ದ. ಸೊಂಟಕ್ಕೆ ಪಟ್ಟಿ ಕಟ್ಟಿ ಆಚೆ ತಳ್ಳುತ್ತಾನೆ, ರಾಟೆ ಜಾರಿಕೊಂಡು ಆಚೆ ದಡಕ್ಕೆ ಹೋಗುತ್ತದೆ. ಎಲ್ಲರೂ ಹೋದರು. ವನಜ ಸೆರಗು ಸಿಕ್ಕಿಸಿಕೊಂಡು ಚೀರುತ್ತಾ ಹೋಗಿ, ಸಾಲದೆಂದು ಇನ್ನೊಂದು ಸಲ ಹೋದಳು. ನನ್ನನ್ನು ತಳ್ಳಿದಾಗ ಮಾತ್ರ ಹಗ್ಗಕ್ಕೆ ನನ್ನ ಮೇಲೆ ವಿಶೇಷ ಪ್ರೀತಿ ಹುಟ್ಟಿತು. ಹಳ್ಳದ ನಟ್ಟನಡುವೆ ನಿಂತುಬಿಟ್ಟಿತು. ಕೆಳಗೆ ನೋಡಿದೆ, ಬಂಡೆ. ಮೇಲೆ ನೋಡಿದೆ, ರಾಟೆ. ಅಲುಗಾಡಿದರೆ ಏನಾಗುವುದೋ ಎಂದು ಕೈಕಾಲು ಸೆಟೆಸಿ, ಕಣ್ಣು ಮುಚ್ಚಿ, ಕುಲದೇವರನ್ನು ನೆನೆಯುತ್ತಾ ನೇತಾಡಿದೆ. ಸುರೇಶ ಅಡಿಕೆ ಕೊಯ್ಯುವ ದೋಟಿ ತಂದು "ಭಾವ, ಹೆದರ್ಬೇಡಿ" ಎನ್ನುತ್ತಾ ನನ್ನ ಪಟ್ಟಿಗೆ ಸಿಕ್ಕಿಸಿ ಎಳೆಯುವವರೆಗೂ ನಾನು ಹಾಗೆಯೇ ಇದ್ದೆ.

ದಡ ಮುಟ್ಟಿದಾಗ ಮೇಷ್ಟ್ರು ಓಡಿ ಬಂದು ನನ್ನ ಕೈ ಹಿಡಿದುಕೊಂಡರು. ಸಮಾಧಾನ ಹೇಳುತ್ತಾರೆ ಎಂದುಕೊಂಡೆ. ಅವರ ಕಣ್ಣು ಹೊಳೆಯುತ್ತಿತ್ತು. "ಸರ, ನಾ ಎಲ್ಲಾ ನೋಡಿದೆ. ಅಷ್ಟೊತ್ತು ಒಂದು ಕೂದಲಾನೂ ಅಲುಗಾಡಲಿಲ್ಲ ನೋಡ್ರಿ! ಮೂರನೇ ಅಂಕಕ್ಕ ನನಗ ಇಂಥಾ ಹೆಣಾನ ಬೇಕಾಗಿತ್ತು" ಎಂದರು. ಹೀಗೆ ನನ್ನ ಪಾತ್ರ ನಿರ್ಧಾರವಾಯಿತು.

ನಾಟಕ ಮೇಷ್ಟ್ರೇ ಬರೆದದ್ದು. ಒಬ್ಬ ರಾಜ ಯುದ್ಧಕ್ಕೆ ಹೋಗುತ್ತಾನೆ, ವಸಂತದಲ್ಲಿ ಬರುತ್ತೇನೆ ಎಂದು ರಾಣಿಗೆ ಮಾತು ಕೊಟ್ಟಿರುತ್ತಾನೆ. ಬರುತ್ತಾನೆ, ಚಟ್ಟದ ಮೇಲೆ. ಮೂರನೆಯ ಅಂಕವೆಂದರೆ ಪೂರ್ತಿ ರಾಣಿಯ ವಿಲಾಪ. ಆ ರಾಣಿ ವನಜ. ಅವಳ ಉದ್ದವನ್ನು ನೋಡಿ ಮೇಷ್ಟ್ರು, "ರಾಣಿ ಅಂದ್ರ ಹಿಂಗಿರಬೇಕ್ರಿ ಅಕ್ಕಾರ" ಎಂದರಂತೆ. ಅವಳು ಅದನ್ನು ನನಗೆ ಊಟದ ಹೊತ್ತಿಗೆ ಹೇಳಿದಳು, ಕಾಫಿಯ ಹೊತ್ತಿಗೆ ಹೇಳಿದಳು, ಮತ್ತೆ ಮಲಗುವಾಗ ಹೇಳಿದಳು. ಮೂರು ಸಲವೂ ನಾನು "ಹೂಂ" ಎಂದೆ.

ಹಳೆಯ ಕಾಲದ ನಾಟ್ಯಪಂಡಿತರು ರಂಗದ ಮೇಲೆ ಸಾವನ್ನು ತೋರಿಸಲೇಬಾರದು ಎನ್ನುತ್ತಿದ್ದರಂತೆ. ಅಮಂಗಳ ಎಂಬುದು ಅವರ ಕಾರಣವಾಗಿರಬಹುದು. ನನ್ನ ಅನುಮಾನ ಬೇರೆ. ಅವರಲ್ಲಿ ಒಬ್ಬರು ಯಾವಾಗಲೋ ಹೆಣದ ಪಾತ್ರ ಮಾಡಿ ಸೀನಿರಬೇಕು. ನಮ್ಮ ಯಕ್ಷಗಾನದವರು ಈ ವಿಷಯದಲ್ಲಿ ಜಾಣರು. ಅಲ್ಲಿ ಸತ್ತ ರಾಕ್ಷಸ ಹೆಚ್ಚು ಹೊತ್ತು ಬಿದ್ದಿರುವುದಿಲ್ಲ, ಎದ್ದು ಗೆಜ್ಜೆ ಸದ್ದು ಮಾಡುತ್ತಾ ತಾನೇ ವೇಷ ಕಟ್ಟುವ ಚೌಕಿಗೆ ಹೋಗಿ ಚಹಾ ಕುಡಿಯುತ್ತಾನೆ. ಯಾರೂ ಏನೂ ಅನ್ನುವುದಿಲ್ಲ. ನಾನು ಈ ಪದ್ಧತಿಯನ್ನು ಮೇಷ್ಟ್ರಿಗೆ ಸೂಚಿಸಿದೆ. ಅವರು ಒಪ್ಪಲಿಲ್ಲ.

ಅಭ್ಯಾಸದ ಮೊದಲ ದಿನ ನಾನು ನಿದ್ದೆ ಹೋದೆ. ಗುಡ್ಡ ಹತ್ತಿ ಬಂದ ಮೈ, ಮಲಗಲು ಚಾಪೆ, ಪಕ್ಕದಲ್ಲಿ ಪರಿಚಯದ ದನಿ, ಇನ್ನೇನು ಬೇಕು? "ಹೆಣ ಉಸಿರಾಡಬಹುದು ಸರ, ಗೊರಕಿ ಹೊಡಿಬಾರದು" ಎಂದು ಮೇಷ್ಟ್ರು ಎಬ್ಬಿಸಿದರು. ಎರಡನೆಯ ದಿನ ಎಚ್ಚರವಾಗಿದ್ದೆ, ಅದು ಇನ್ನೂ ದೊಡ್ಡ ತೊಂದರೆಯಾಯಿತು. ವನಜ ನನ್ನ ಎದೆಯ ಮೇಲೆ ಕೈಯಿಟ್ಟು "ನಾಥಾ, ನನ್ನನ್ನು ಬಿಟ್ಟು ಹೋದೆಯಾ?" ಎಂದಳು. ನಾನು "ಹೂಂ" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮತ್ತೆ ಮೊದಲಿಂದ. "ಇನ್ನು ನಾನು ಯಾರಿಗಾಗಿ ಬದುಕಲಿ?" "ಹೂಂ." ಒಳದಾರಿಯ ಮಹಿಮೆ ನೋಡಿ. ಮೇಷ್ಟ್ರು ತಲೆ ಹಿಡಿದುಕೊಂಡು ಕೂತರು. ವನಜ ಮಾತ್ರ ಶಾಂತವಾಗಿ, "ಮನೇಲಿ ಬದುಕಿದ್ದಾಗ ಮಾತಾಡಲ್ಲ ಮೇಷ್ಟ್ರೇ, ಇಲ್ಲಿ ಸತ್ಮೇಲೆ ಮಾತಾಡ್ತಾರೆ" ಎಂದಳು.

ಪ್ರದರ್ಶನದ ದಿನ ಬೆಳಿಗ್ಗೆ ನಾನು ಎಂದಿನಂತೆ ಫೋನಿನ ಕಲ್ಲಿನ ಮೇಲಿದ್ದೆ. ಸ್ವಲ್ಪ ಕೆಳಗೆ, ಹುಲ್ಲಿನಲ್ಲಿ, ವನಜ ಒಬ್ಬಳೇ ನಿಂತು ಗಾಳಿಗೆ ತನ್ನ ವಿಲಾಪ ಹೇಳುತ್ತಿದ್ದಳು. ಅಭ್ಯಾಸದಲ್ಲಿ ನಾನು ಕಣ್ಣು ಮುಚ್ಚಿರುತ್ತಿದ್ದೆನಲ್ಲ, ಅವಳನ್ನು ನೋಡಿದ್ದು ಅದೇ ಮೊದಲು. ತಲೆಯೆತ್ತಿ, ಕೈಚಾಚಿ, ಆ ಗುಡ್ಡಗಳೆಲ್ಲ ತನ್ನ ರಾಜ್ಯವೆಂಬ ಹಾಗೆ ನಿಂತಿದ್ದಳು. ಆ ಕಡೆಯಿಂದ ಪುಟ್ಟೇಗೌಡರು "ಹಲೋ, ಹಲೋ" ಎನ್ನುತ್ತಿದ್ದರು, ನಾನು ಫೋನು ಜೇಬಿಗೆ ಹಾಕಿದೆ.

ಅವಳು ನನ್ನನ್ನು ಕಂಡು ನಾಚಿಕೊಂಡಳು. "ಚೆನ್ನಾಗಿ ಬರ್ತದಾ? ಜನ ನಗ್ತಾರಾ ರೀ?" ಎಂದಳು. ದನಿಯಲ್ಲಿ ನಿಜವಾದ ಹೆದರಿಕೆಯಿತ್ತು. ಭರ್ಜಿ ಹಿಡಿದು ನಿಂತ ಹುಡುಗಿ ಇಷ್ಟು ವರ್ಷ ಕಾದು ಇವತ್ತು ಒಂದು ಸಂಜೆಗೆ ರಾಣಿಯಾಗುತ್ತಾಳೆ, ಅದನ್ನು ಕೆಡಿಸಬಲ್ಲವನು ಲೋಕದಲ್ಲಿ ನಾನೊಬ್ಬನೇ.

"ನಾನು ಅಲುಗಾಡಲ್ಲ, ಬಾಯಿ ಬಿಡಲ್ಲ. ಏನೇ ಆದ್ರೂ" ಎಂದೆ.

"ಮಳೆ ಬಂದ್ರೂ?"

ನಾನು ಆಕಾಶ ನೋಡಿದೆ. ಒಂದು ಚೂರು ಮೋಡವಿರಲಿಲ್ಲ. "ಮಳೆ ಬಂದ್ರೂ" ಎಂದೆ. ಮೋಡವಿಲ್ಲದಾಗ ಮಾತು ಕೊಡುವುದು ನಮ್ಮ ಕಡೆ ಸುಲಭ.

ಸಂಜೆ ಇನ್ನೊಂದು ಎಡವಟ್ಟಾಯಿತು. ರಾಜನಿಗೆಂದು ರಟ್ಟಿನಲ್ಲಿ ಮಾಡಿ, ಮೈದಾ ಅಂಟು ಹಚ್ಚಿ, ಬಂಗಾರದ ಕಾಗದ ಹೊದಿಸಿ ಬಿಸಿಲಿಗಿಟ್ಟಿದ್ದ ಕಿರೀಟವನ್ನು ಸುರೇಶನ ಹಸು ತಿಂದುಬಿಟ್ಟಿತ್ತು. ಪೂರ್ತಿ ತಿಂದಿತ್ತು, ಬಂಗಾರವನ್ನೂ ಬಿಡದೆ. ಮೇಷ್ಟ್ರು ಅಂಗಳದಲ್ಲಿ ಶತಪಥ ತಿರುಗುತ್ತಿದ್ದವರು ನನ್ನ ಗೇಜಿನ ಮುಂದೆ ಗಕ್ಕನೆ ನಿಂತರು. ಮೇಲಿನ ತಾಮ್ರದ ಲಾಳಿಕೆಯನ್ನು ಎತ್ತಿದರು, ತಲೆಕೆಳಗು ಮಾಡಿದರು. ಬಾಯಿ ಕೆಳಗೆ, ಕೊಳವೆ ಮೇಲೆ. ಸಂಜೆಯ ಬಿಸಿಲಿಗೆ ಅದು ಫಳಫಳ ಹೊಳೆಯಿತು. ನಿಜ ಹೇಳಬೇಕೆಂದರೆ ಥೇಟ್ ಕಿರೀಟವೇ.

"ಅದು ಗೇಜು!" ಎಂದು ನಾನು ಕೂಗಿದೆ.

"ಒಂದ್ ಗಂಟೆ ಮಟ್ಟಿಗೆ, ಕೊಡಿ ಮಾರಾಯ್ರೆ" ಎಂದಳು ವನಜ. ಆಗಲೇ ರೇಷ್ಮೆ ಸೀರೆ ಉಟ್ಟು, ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡಿದ್ದಳು. ರಾಣಿಯೊಬ್ಬಳು ಕೇಳಿದಾಗ ಇಲ್ಲ ಎನ್ನುವುದು ಕಷ್ಟ. ಪೇಟ ಸುತ್ತಿ, ಅದರ ಮೇಲೆ ಲಾಳಿಕೆಯನ್ನು ಕೂರಿಸಿ, ಗದ್ದಕ್ಕೆ ದಾರ ಕಟ್ಟಿದರು.

ರಂಗಸ್ಥಳ ಸುರೇಶನ ಕಾಫಿ ಶೆಡ್ಡು. ಕೊಯ್ಲು ಮುಗಿದು ಮೂಟೆಗಳೆಲ್ಲ ಹೋಗಿ ಖಾಲಿಯಾಗಿತ್ತು. ಮೇಲೆ ತಗಡಿನ ಶೀಟು, ಮೂರು ಕಡೆ ಗೋಡೆಯಿಲ್ಲ. ಜನ ಕಿಕ್ಕಿರಿದಿದ್ದರು. ಕಳಸದಿಂದ, ಹೊರನಾಡಿನಿಂದ ಬಂದವರು, ತೋಟದ ಸಾಹುಕಾರರು, ಕೆಲಸದವರು, ಹಗ್ಗ ತಂದಿದ್ದ ಜೀಪಿನವನು, ಎಲ್ಲರೂ. ಒಂದು, ಎರಡನೆಯ ಅಂಕ ಸುಸೂತ್ರವಾಗಿ ಮುಗಿದವು. ಮೂರನೆಯ ಅಂಕಕ್ಕೆ ನಾಲ್ವರು ನನ್ನನ್ನು ಚಟ್ಟದ ಮೇಲೆ ಹೊತ್ತು ತಂದು, ಸ್ವಲ್ಪ ಜೋರಾಗಿಯೇ ಇಳಿಸಿದರು. ನಾನು ಪಿಟ್ಟೆನ್ನಲಿಲ್ಲ. ನೊಣ ಬಂತು. ಅಲುಗಾಡಲಿಲ್ಲ. ವನಜ ಬಂದಳು, "ನಾಥಾ" ಎಂದಳು. ಹಲ್ಲು ಕಚ್ಚಿ "ಹೂಂ" ಅನ್ನು ನುಂಗಿದೆ. ಯಾರೂ ನಗಲಿಲ್ಲ. ಅವಳ ದನಿ ಶೆಡ್ಡನ್ನೆಲ್ಲ ತುಂಬುತ್ತಿತ್ತು.

ಆಗ ಕುದುರೆಮುಖದ ಕಡೆಯಿಂದ ಗುಡುಗಿತು.

ಕಣ್ಣು ಮುಚ್ಚಿದ್ದರೂ ನನಗೆ ಎಲ್ಲ ಕಂಡಿತು. ಜನರೆಲ್ಲರ ಕತ್ತು ಒಟ್ಟಿಗೆ ಆ ಕಡೆ ತಿರುಗಿತು. ತಣ್ಣನೆಯ ಗಾಳಿ ನುಗ್ಗಿತು, ಮಣ್ಣಿನ ವಾಸನೆ ಬಂತು, ಶೀಟಿನ ಮೇಲೆ ಟಪ್ ಎಂದು ಒಂದು ಹನಿ, ಇನ್ನೊಂದು, ಆಮೇಲೆ ಒಮ್ಮೆಗೇ ಧೋ ಎಂದು ಸುರಿಯಿತು. ತಗಡಿನ ಮಾಡಿನ ಕೆಳಗೆ ಹೂಮಳೆಯ ಸದ್ದು ಕೇಳಿದವರಿಗೆ ಗೊತ್ತು, ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಆ ಸದ್ದಿನಲ್ಲಿಯೂ ಬೆಂಚುಗಳು ಸರಿದದ್ದು ನನ್ನ ಬೆನ್ನಿಗೆ ತಿಳಿಯಿತು. ಸಾಹುಕಾರರೆಲ್ಲ ಎದ್ದು ಶೆಡ್ಡಿನ ಅಂಚಿಗೆ ಹೋಗಿ ಮಳೆಗೆ ಕೈ ಒಡ್ಡಿ ನಿಂತಿರಬೇಕು. ನನ್ನೊಳಗಿನ ಬೆಳೆಗಾರ ಎದ್ದು ಕೂತು ಎದೆ ಬಡಿದುಕೊಳ್ಳುತ್ತಿದ್ದ. ವರ್ಷವಿಡೀ ಕಾದ ಮಳೆ ಹೊರಗೆ ಬೀಳುತ್ತಿದೆ, ಅದನ್ನು ಹಿಡಿಯಬೇಕಾದ ಲಾಳಿಕೆ ನನ್ನ ತಲೆಯ ಮೇಲೆ, ಮಾಡಿನ ಕೆಳಗೆ, ತಲೆಕೆಳಗಾಗಿ ಒಣಗುತ್ತಿದೆ! ಒಂದು ಸೆಂಟೂ ಅಳೆಯದೆ ಹೋಗುತ್ತಿದೆ! ಆದರೂ ಕೊಟ್ಟ ಮಾತು ಕೊಟ್ಟ ಮಾತೇ. ನಾನು ಅಲುಗಾಡಲಿಲ್ಲ.

ವನಜಳ ದನಿ ಕೇಳಿಸಲಿಲ್ಲ. ನಿಲ್ಲಿಸಿದಳೇನೋ ಎಂದುಕೊಂಡೆ. ಪಾಪ, ಇಷ್ಟು ವರ್ಷಕ್ಕೆ ಸಿಕ್ಕಿದ ಮಾತು ಮಳೆಯ ಪಾಲಾಯಿತು. ಅಷ್ಟರಲ್ಲಿ ಅವಳು ನನ್ನ ಎದೆಯ ಮೇಲೆ ದೊಪ್ಪನೆ ಬಿದ್ದು, ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು. ವಿಲಾಪವನ್ನೇ ಕೂಗಿದಳು, ಆದರೆ ಮೇಷ್ಟ್ರು ಬರೆದದ್ದಲ್ಲ.

"ಜೋಗ ತೋರಿಸ್ತೀನಿ ಅಂದ್ರಿ! ಮದುವೆ ಆದ ವರ್ಷ ಅಂದ್ರಿ! ಕೊಯ್ಲು ಮುಗೀಲಿ ಅಂದ್ರಿ, ಕೊಯ್ಲಾದ್ಮೇಲೆ ಹೂಮಳೆ ಆಗ್ಲಿ ಅಂದ್ರಿ, ಹೂಮಳೆ ಆದ್ಮೇಲೆ ನೆರಳಿನ ಮರದ ಗೆಲ್ಲು ಕಡಿಯೋ ಮರಗಸಿ, ಮರಗಸಿ ಆದ್ಮೇಲೆ ಗೊಬ್ಬರ! ಎಲ್ಲದಕ್ಕೂ ಹೂಂ! ಹೂಂ! ಹೂಂ!" ಒಂದೊಂದು "ಹೂಂ"ಗೂ ನನ್ನ ಎದೆಗೊಂದು ಗುದ್ದು. ಮಳೆಯ ಸದ್ದಿನಲ್ಲಿ ಯಾರಿಗೂ ಒಂದಕ್ಷರ ಕೇಳುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ನಾನು ಉತ್ತರ ಕೊಡುವ ಹಾಗಿಲ್ಲವೆಂದೂ ಗೊತ್ತಿತ್ತು. ಸಂಸಾರದಲ್ಲಿ ಯಾವ ಹೆಂಡತಿಗೆ ಇಂಥ ಅವಕಾಶ ಸಿಕ್ಕೀತು? ಅಡುಗೆಮನೆಯ ಹೊಗೆಗೂಡು ಬಂತು, ಅವಳ ಅಕ್ಕನ ಮಗಳ ಮದುವೆಗೆ ಚಪ್ಪರದ ದಿನ ಬರದೆ ಇದ್ದದ್ದು ಬಂತು, ಪುಟ್ಟೇಗೌಡರ ಹತ್ತು ಸೆಂಟು ಕೂಡ ಬಂತು. ತಲೆ ಚಚ್ಚಿಕೊಂಡಳು, ಸೆರಗು ಬಾಯಿಗಿಟ್ಟುಕೊಂಡಳು, ಕೈಯೆತ್ತಿ ಆಕಾಶಕ್ಕೆ ದೂರು ಹೇಳಿದಳು. ನೋಡುವವರಿಗೆ ಅದೆಂಥ ದುಃಖ! ಆಮೇಲೆ ಸುರೇಶ ಹೇಳಿದ, ಮಳೆ ನೋಡಲು ಹೋದವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಬಂದು ಕೂತರಂತೆ. ಕೇಳದಿದ್ದರೂ ಕಣ್ಣು ಒರೆಸಿಕೊಂಡರಂತೆ.

ಆಮೇಲೆ ಅವಳ ದನಿ ಬದಲಾಯಿತು. "ದಿನಾ ಬೆಳಿಗ್ಗೆ ಎದ್ದು ಆ ಬಾಟ್ಲಿಯೊಳಗೆ ಬಗ್ಗಿ ನೋಡ್ತೀರಿ. ನನ್ನ ಮುಖ ಹಾಗೆ ನೋಡಿದ್ದು ಯಾವಾಗ?" ಎಂದಳು. ಮತ್ತೆ, "ಹೀಗೇ ಒಂದ್ ದಿನ ನಿಜವಾಗ್ಲೂ ಮಲ್ಕೊಂಡುಬಿಟ್ರೆ ನಾನು ಯಾರ ಹತ್ರ ಜಗಳ ಆಡ್ಲಿ?" ಎಂದಳು. ನನ್ನ ಕೆನ್ನೆಯ ಮೇಲೆ ಬಿಸಿಯಾಗಿ ಒಂದು ಹನಿ ಬಿತ್ತು. ಮಾಡು ಸೋರುತ್ತಿರಲಿಲ್ಲ.

ನೊಣಕ್ಕೆ ಅಲುಗಾಡದ ಹೆಣ, ಗುಡುಗಿಗೆ ಅಲುಗಾಡದ ಹೆಣ, ಹೂಮಳೆಗೂ ಅಲುಗಾಡದ ಹೆಣ, ಆ ಒಂದು ಹನಿಗೆ ಸೋತುಹೋಯಿತು. ಮಳೆಯ ಆರ್ಭಟ ಮೀರಿ ಅವಳಿಗೆ ಕೇಳಬೇಕಲ್ಲ ಎಂದು, ಮೇಷ್ಟ್ರು ಕಲಿಸಿದಂತೆಯೇ ಹೊಟ್ಟೆಯಿಂದ ಗಾಳಿ ಎಳೆದು, ನನ್ನ ಶಕ್ತಿಯೆಲ್ಲ ಸೇರಿಸಿ ಕೂಗಿದೆ.

ನಮ್ಮ ಬೇಸಿಗೆ ಮಳೆಯ ಗುಣ ನಿಮಗೆ ಗೊತ್ತಲ್ಲ. ಬರುವಾಗ ಧೋ ಎನ್ನುತ್ತದೆ, ನಿಲ್ಲುವಾಗ ನಲ್ಲಿ ತಿರುಗಿಸಿದಂತೆ ನಿಂತುಬಿಡುತ್ತದೆ. ನಾನು ಬಾಯಿ ತೆರೆದದ್ದಕ್ಕೂ ಅದು ನಿಂತದ್ದಕ್ಕೂ ಸರಿಹೋಯಿತು. ಆ ಮೌನದಲ್ಲಿ, ಕಿಕ್ಕಿರಿದ ಶೆಡ್ಡಿನಲ್ಲಿ, ಸತ್ತ ಮಹಾರಾಜನ ಪಳಗಿದ ದನಿ ಮೊಳಗಿತು:

"ಆಯ್ತು ಮಾರಾಯ್ತೀ! ವರ್ಷಾ ವರ್ಷಾ ಹೋಗೋಣ! ಎಲ್ಲಿಗ್ ಹೇಳ್ತೀಯೋ ಅಲ್ಲಿಗೇ ಹೋಗೋಣ! ಅಳ್ಬೇಡ!"

ಅದು ಎದುರಿನ ಗುಡ್ಡಕ್ಕೆ ಹೋಗಿ "ಅಳ್ಬೇಡ, ಅಳ್ಬೇಡ" ಎಂದು ಹಿಂದಕ್ಕೂ ಬಂತು. ನಾನು ಅರೆಗಣ್ಣು ತೆರೆದೆ. ಮೇಷ್ಟ್ರು ಪರದೆಯ ಪಕ್ಕ ಎರಡೂ ಕೈಯಲ್ಲಿ ತಲೆ ಹಿಡಿದಿದ್ದರು. ಮುಗಿಯಿತು, ಅವಳ ರಾಣಿತನವನ್ನು ನಾನೇ ಹಾಳು ಮಾಡಿದೆ ಎಂದುಕೊಂಡೆ. ನೆಲ ಬಾಯಿ ಬಿಡಲಿ ಎನಿಸಿತು.

ವನಜ ಎದ್ದು ನಿಂತಳು. ತನ್ನ ಪೂರ್ತಿ ಉದ್ದಕ್ಕೆ ನೆಟ್ಟಗೆ ನಿಂತಳು. ಕಣ್ಣು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಜನರ ಕಡೆ ಕೈಚಾಚಿ, ಬೆಳಿಗ್ಗೆ ಗುಡ್ಡದ ಮೇಲೆ ಕೇಳಿದ ಅದೇ ದನಿಯಲ್ಲಿ ಹೇಳಿದಳು. "ಪ್ರಜೆಗಳೇ, ಕೇಳಿದಿರಲ್ಲ? ಯಮನ ಬಾಗಿಲಿನಿಂದ ತಿರುಗಿ ಬಂದು ಮಹಾರಾಜರು ಮಾತು ಕೊಟ್ಟಿದ್ದಾರೆ. ನೀವೆಲ್ಲರೂ ಸಾಕ್ಷಿ!"

ಅಬ್ಬಾ, ಆ ಚಪ್ಪಾಳೆ! ಶೀಟಿನ ಮೇಲಿನ ಮಳೆ ಅದರ ಮುಂದೆ ಏನೂ ಅಲ್ಲ. ಜೀಪಿನವನು ಬೆಂಚಿನ ಮೇಲೆ ಹತ್ತಿ ಶಿಳ್ಳೆ ಹೊಡೆದ. ಆ ಗದ್ದಲದ ನಡುವೆ ವನಜ ಬಗ್ಗಿ, ನನಗೆ ಮಾತ್ರ ಕೇಳುವಂತೆ, "ಇನ್ನು ನೀವು ಸಾಯ್ಬೋದು" ಎಂದಳು. ನಾನು ಕಣ್ಣು ಮುಚ್ಚಿ ಸುಖವಾಗಿ ಸತ್ತೆ.

ಬದುಕಿರುವ ಗಂಡ ಕೊಟ್ಟ ಮಾತಿಗೆ ಸಾವಿರ ಅಡ್ಡದಾರಿಗಳಿವೆ. ಕೊಯ್ಲಿದೆ, ಗೊಬ್ಬರವಿದೆ, ಮೊಣಕಾಲು ನೋವಿದೆ. ಸತ್ತವನು ಕೊಟ್ಟ ಮಾತಿಗೆ ಯಾವ ದಾರಿಯೂ ಇಲ್ಲ. ಈಗ ನಾನು ಕಳಸದ ಪೇಟೆಯಲ್ಲಿ ಹೋದರೆ ಗುರುತೇ ಇಲ್ಲದವರು ಅಂಗಡಿಯೊಳಗಿನಿಂದ "ಮಹಾರಾಜ್ರೇ, ಈ ಸಲ ಎಲ್ಲಿಗೆ?" ಎಂದು ಕೇಳುತ್ತಾರೆ. ಈ ಸಲ ಜೋಗಕ್ಕೆ. ಬೇಸಿಗೆಯಲ್ಲಿ ಅಲ್ಲಿ ನೀರಿರುವುದಿಲ್ಲ ಎಂದು ವನಜಳಿಗೆ ಹೇಳಿ ನೋಡಿದೆ. "ಬಂಡೆ ಇರ್ತದಲ್ಲ, ನೋಡೋಣ" ಎಂದಳು. ಗೇಜು ಮನೆಯಲ್ಲೇ ಇರುತ್ತದೆ.

ಇನ್ನೊಂದು ಮಾತು. ಆ ಸಂಜೆಯ ಮಳೆ ನಮ್ಮ ಊರಿಗೂ ಬಂದಿತ್ತು, ಆ ವಾರ ಕಳೆಯುತ್ತಿದ್ದಂತೆ ನಮ್ಮ ತೋಟವೂ ಬೆಳ್ಳಗೆ ಅರಳಿತು, ಮನೆಯೊಳಗೆಲ್ಲ ಹೂವಿನ ಘಮ. ಆದರೆ ಆ ಸಂಜೆ ಎಷ್ಟು ಮಳೆ ಬಿತ್ತು ಎಂಬುದು ನನಗೆ ಗೊತ್ತಿಲ್ಲ. ಹೂಮಳೆಯ ಲೆಕ್ಕ ಗೊತ್ತಿಲ್ಲದ ಬೆಳೆಗಾರ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಪುಟ್ಟೇಗೌಡರು ಬೇಲಿಯ ಆಚೆಯಿಂದ ಇವತ್ತಿಗೂ ಬಿಡದೆ ಕೇಳುತ್ತಾರೆ, "ಅಲ್ಲ ಮಾರಾಯ್ರೆ, ಆವತ್ತು ಸಂಸೆಲಿ ಎಷ್ಟು ಬಿತ್ತು?"

ನಾನು ತಲೆ ಕೆರೆದುಕೊಳ್ಳುತ್ತೇನೆ. ವನಜ ಅಂಗಳದಿಂದಲೇ ಕೂಗಿ ಹೇಳುತ್ತಾಳೆ, "ಹೆಣ ಬಾಯಿ ಬಿಡೋವಷ್ಟು!"